ವೃಷಭಾವತಿ: ಹೊಳೆಯೋ, ಮೋರಿಯೋ?



ಈ ಪಾಠ ಓದಲು ಅವಸರ ಬೇಡ. ಒಂದೊಂದೇ ಸಾಲು ಓದಿ. ಪಕ್ಕದಲ್ಲಿ ಕೂತವರಿಗೂ ಕೇಳುವ ಹಾಗೆ ಓದಿ. ನಡುನಡುವೆ ನಿಲ್ಲಿಸಿ, ಮಾತಾಡಿ. ಇದು ನೀರಿನ ಪಾಠ. ಕಸದ ಪಾಠ. ನಮ್ಮ ನಿಮ್ಮ ಮನೆ ಬಾಗಿಲಿನ ಪಾಠ.

1. ಮಳೆ ಬಂದ ರಾತ್ರಿ

ನಮ್ಮ ಸಂಜೆ ಶಾಲೆ ನಡೆಯುವುದು ಬೆಂಗಳೂರಿನ ಮೈಸೂರು ರಸ್ತೆಯ ಪಕ್ಕದ ಒಂದು ಕಾಲೋನಿಯಲ್ಲಿ. ಅಲ್ಲಿನ ಅಂಗನವಾಡಿ ಕೋಣೆಯಲ್ಲಿ. ಕಾಲೋನಿಯ ಹಿಂದೆ ಒಂದು ದೊಡ್ಡ ಮೋರಿ ಹರಿಯುತ್ತದೆ. ಅದರ ನೀರು ಕಪ್ಪು. ಅದರ ವಾಸನೆಗೆ ಹೊಸಬರು ಮೂಗು ಮುಚ್ಚುತ್ತಾರೆ. ಅಲ್ಲೇ ಇರುವವರಿಗೆ ಅಭ್ಯಾಸ ಆಗಿದೆ.

ಒಂದು ಸಂಜೆ ನಾನು ಪಾಠಕ್ಕೆ ಹೋದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಚಾಪೆ ಒದ್ದೆಯಾಗಿತ್ತು. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಮೋರಿ ಉಕ್ಕಿ ನೀರು ಮನೆಗಳಿಗೆ ನುಗ್ಗಿತ್ತು. ಅಕ್ಕಂದಿರೆಲ್ಲ ಸೀರೆ ಎತ್ತಿ ಕಟ್ಟಿ, ಬಕೆಟ್ಟಿನಲ್ಲಿ ಕೆಸರು ತುಂಬಿ ಹೊರಗೆ ಹಾಕುತ್ತಿದ್ದರು.

ರೇಷನ್ ಅಕ್ಕಿ ನೆನೆದಿತ್ತು. ಹಾಸಿಗೆ, ಬಟ್ಟೆ ಎಲ್ಲ ಕೊಳಕಾಗಿತ್ತು. ಒಂದು ಮನೆಯಲ್ಲಿ ಕೂಸಿನ ತೊಟ್ಟಿಲಿನ ಕೆಳಗೇ ಕಪ್ಪು ನೀರು ನಿಂತಿತ್ತು.

ಹೂ ಮಾರುವ ಅಕ್ಕ ನನ್ನನ್ನು ನೋಡಿ ಅಂದರು: “ಓದೋ ಪುಸ್ತಕಾನೂ ಹೋಯ್ತು ಟೀಚರಮ್ಮ. ಈಗಷ್ಟೇ ನನ್ನ ಹೆಸರು ತಪ್ಪಿಲ್ದಂಗೆ ಬರೆಯೋದು ಕಲಿತಿದ್ದೆ.”

“ಪುಸ್ತಕ ಇನ್ನೊಂದು ಸಿಗುತ್ತೆ ಅಕ್ಕ. ನೀರು ಯಾಕೆ ನುಗ್ಗಿತು?” ಅಂತ ಕೇಳಿದೆ.

“ಮಳೆ ಜಾಸ್ತಿ ಬಂತು,” ಅಂದರು ಒಬ್ಬರು.

“ಮಳೆ ಮೊದಲೂ ಬರ್ತಿತ್ತು. ಆಗ ನುಗ್ತಿರಲಿಲ್ಲ,” ಅಂದರು ಮೂಲೆ ಮನೆಯ ಅಜ್ಜಿ. “ಸೇತುವೆ ಕೆಳಗೆ ಹೋಗಿ ನೋಡಿ. ಗೊತ್ತಾಗುತ್ತೆ.”

ಏಳೆಂಟು ಜನ ಹೋದೆವು. ಸಣ್ಣ ಸೇತುವೆ. ಅದರ ಕಣ್ಣಿಗೆ ಕಸ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಹಾಲಿನ ಕವರು. ನೀರಿನ ಬಾಟಲಿ. ತಿಂಡಿ ಪೊಟ್ಟಣ. ಹಳೇ ಚಪ್ಪಲಿ. ಹರಿದ ಹಾಸಿಗೆ. ಥರ್ಮಾಕೋಲು. ಎಳನೀರು ಬುರುಡೆ. ಕವರಿನಲ್ಲಿ ಗಂಟು ಕಟ್ಟಿದ ದೇವರ ಹೂವು. ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ದಾರಿ ಇಲ್ಲದ ನೀರು ನಮ್ಮ ಮನೆಗೆ ಬಂತು.

ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಂಗಿ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಳು. ಥಟ್ಟನೆ ಕೈ ನಿಲ್ಲಿಸಿದಳು. ತಲೆ ತಗ್ಗಿಸಿ ಮೆಲ್ಲಗೆ ಅಂದಳು: “ಆ ಕೆಂಪು ದಿಂಬು ನಮ್ಮದು ಟೀಚರಮ್ಮ. ಹೋದ ತಿಂಗಳು ನಾನೇ ಎಸೆದೆ.”

ಯಾರೂ ಮಾತಾಡಲಿಲ್ಲ. ಆಮೇಲೆ ಹೂ ಮಾರುವ ಅಕ್ಕ ಅಂದರು: “ಆ ಹೂವಿನ ಗಂಟು ನನ್ನದು ಇರಬೇಕು.” ಇನ್ನೊಬ್ಬರು ಅಂದರು: “ಬಾಟಲಿ ನಮ್ಮನೆಯವರದು.” ಎಲ್ಲರಿಗೂ ನಗು ಬಂತು. ನಗುವಿನ ಜೊತೆಗೆ ಸಂಕಟವೂ ಆಯಿತು.

ಅವತ್ತು ಪಾಠ ಮಾಡಲಿಲ್ಲ. ಮಾರನೇ ದಿನದಿಂದ ಈ ಮೋರಿಯೇ ನಮ್ಮ ಪಾಠ ಆಯಿತು.

2. ಮೋರಿಗೆ ಒಂದು ಹೆಸರಿದೆ

ನಾನು ಹಲಗೆಯ ಮೇಲೆ ದೊಡ್ಡದಾಗಿ ಬರೆದೆ:

ವೃ - ಷ - ಭಾ - ವ - ತಿ

ನೀವೂ ಓದಿ. ಒಂದೊಂದೇ ಅಕ್ಷರ ಓದಿ. ಈಗ ಕೂಡಿಸಿ ಓದಿ. ವೃಷಭಾವತಿ.

ನಮ್ಮ ಮನೆ ಹಿಂದಿನ ಮೋರಿಯ ಹೆಸರು ಇದು. ಇದು ಮೋರಿ ಅಲ್ಲ. ಇದೊಂದು ಹೊಳೆ.

ವೃಷಭ ಅಂದರೆ ಬಸವ. ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಗುಡಿ ಇದೆ. ಕಾರ್ತಿಕ ಮಾಸದ ಕೊನೇ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಹೋಗಿ ಕಡಲೆಕಾಯಿ ತಂದಿರುತ್ತೀರಿ. ಆ ಬಸವಣ್ಣನ ಪಾದದ ಹತ್ತಿರ ಈ ಹೊಳೆ ಹುಟ್ಟಿತು ಅಂತ ಹಿರಿಯರು ನಂಬಿದ್ದಾರೆ. ಅದಕ್ಕೇ ವೃಷಭಾವತಿ ಅನ್ನುವ ಹೆಸರು.

ಮಲ್ಲೇಶ್ವರದಲ್ಲೂ ಒಂದು ನಂದಿ ತೀರ್ಥ ಇದೆ. ಅಲ್ಲಿ ನಂದಿಯ ಬಾಯಿಂದ ನೀರು ಬಂದು ಲಿಂಗದ ಮೇಲೆ ಬೀಳುತ್ತದೆ. ಆ ಗುಡಿ ಬಹಳ ಕಾಲ ಮಣ್ಣಿನಲ್ಲಿ ಮುಚ್ಚಿಹೋಗಿತ್ತು. 1997ರಲ್ಲಿ ಅಗೆದಾಗ ಮತ್ತೆ ಕಾಣಿಸಿತು. ಈ ನೀರೂ ವೃಷಭಾವತಿಯ ಒಂದು ಮೂಲ ಅನ್ನುತ್ತಾರೆ.

ಹೊಳೆಯ ದಾರಿ ನೋಡೋಣ. ಬೆರಳಿಟ್ಟು ಓದಿ.

ಬಸವನಗುಡಿ - ಮೈಸೂರು ರಸ್ತೆ - ಗಾಳಿ ಆಂಜನೇಯ ದೇವಸ್ಥಾನ - ಕೆಂಗೇರಿ - ಬಿಡದಿ ಹತ್ತಿರದ ಬೈರಮಂಗಲ ಕೆರೆ - ಕನಕಪುರ ಸೀಮೆ - ಅರ್ಕಾವತಿ ನದಿ - ಸಂಗಮ - ಕಾವೇರಿ.

ಕೊನೇ ಹೆಸರು ಇನ್ನೊಂದು ಸಲ ಓದಿ. ಕಾವೇರಿ. ನಮ್ಮ ಮನೆ ಹಿಂದಿನ ಕಪ್ಪು ನೀರು ಅರ್ಕಾವತಿ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅಲ್ಲಿಂದ ಮೇಕೆದಾಟು ದಾಟಿ ತಮಿಳುನಾಡಿಗೆ ಹೋಗುತ್ತದೆ.

3. ಅಜ್ಜಿ ಕಂಡ ಹೊಳೆ

ಮೂಲೆ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ಅವರು ಮದುವೆಯಾಗಿ ಈ ಊರಿಗೆ ಬಂದವರು. ಅವರು ಹೇಳಿದ ಮಾತು ಇದು:

“ನಾನು ಬಂದಾಗ ಇಲ್ಲೆಲ್ಲ ತೋಟ. ಸೊಪ್ಪು ಬೆಳೀತಿದ್ರು. ಹೊಳೇಲಿ ಬಟ್ಟೆ ಒಗೀತಿದ್ವಿ. ತಳದ ಮರಳು ಕಾಣ್ತಿತ್ತು. ನಮ್ಮತ್ತೆ ಹಬ್ಬದ ದಿನ ಹೊಳೆಗೆ ಅರಿಶಿನ ಕುಂಕುಮ ಬಿಟ್ಟು ಕೈ ಮುಗೀತಿದ್ರು. ಈಗ ನನ್ನ ಮೊಮ್ಮಗ ಕೇಳ್ತಾನೆ, ‘ಮೋರಿಗೆ ಯಾಕೆ ಕೈ ಮುಗೀತಿದ್ರು ಅಜ್ಜಿ?’ ಅಂತ. ಏನು ಹೇಳಲಿ?”

ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕೋಣ. ಹೊಳೆ ಮೋರಿ ಆದದ್ದು ಹೇಗೆ?

4. ಹೊಳೆ ಮೋರಿ ಆಯಿತು

ಬೆಂಗಳೂರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಹೆಚ್ಚಿನ ನೀರು ಕಾವೇರಿಯಿಂದ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ದೊಡ್ಡ ಪಂಪುಗಳಿವೆ. ಸುಮಾರು 100 ಕಿಲೋಮೀಟರ್ ದೂರದಿಂದ ನೀರನ್ನು ಮೇಲಕ್ಕೆತ್ತಿ ತರುತ್ತಾರೆ. ಹೀಗೆ ಕಾವೇರಿ ನೀರು ಬೆಂಗಳೂರಿಗೆ ಬರಲು ಶುರುವಾದದ್ದು 1974ರಲ್ಲಿ.

ಬಂದ ನೀರಿನಲ್ಲಿ ನಾವು ಅಡುಗೆ ಮಾಡುತ್ತೇವೆ. ಸ್ನಾನ ಮಾಡುತ್ತೇವೆ. ಪಾತ್ರೆ ತೊಳೆಯುತ್ತೇವೆ. 100 ಕೊಡ ನೀರು ಬಳಸಿದರೆ ಸುಮಾರು 80 ಕೊಡ ಕೊಳಚೆ ನೀರಾಗಿ ಹೊರಗೆ ಹೋಗುತ್ತದೆ. ಇದು ಎಂಜಿನಿಯರುಗಳ ಲೆಕ್ಕ. ಊರು ಬೆಳೆಯಿತು. ನೀರು ಜಾಸ್ತಿ ಬಂತು. ಕೊಳಚೆಯೂ ಜಾಸ್ತಿ ಆಯಿತು. ಕೊಳಚೆ ನೀರು ಶುದ್ಧ ಮಾಡುವ ದೊಡ್ಡ ಘಟಕ ಮೈಸೂರು ರಸ್ತೆಯಲ್ಲಿ ಇದೆ. ಆದರೆ ಎಲ್ಲ ಕೊಳಚೆಯೂ ಘಟಕದ ಪೈಪಿಗೆ ಹೋಗುವುದಿಲ್ಲ. ತುಂಬಾ ಕೊಳಚೆ ನೇರವಾಗಿ ರಾಜಕಾಲುವೆಗೆ ಬೀಳುತ್ತದೆ. ರಾಜಕಾಲುವೆಯಿಂದ ಹೊಳೆಗೆ.

ಇದು ಮೊದಲನೇ ಕಾರಣ. ಎರಡನೇ ಕಾರಣ ಕಾರ್ಖಾನೆ. ಹೊಳೆಯ ಆಸುಪಾಸಿನಲ್ಲಿ ಕಾರ್ಖಾನೆಗಳಿವೆ. ಬಟ್ಟೆಗೆ ಬಣ್ಣ ಹಾಕುವವು, ಲೋಹಕ್ಕೆ ಹೊಳಪು ಕೊಡುವವು ಇವೆ. ಬಳಸಿದ ನೀರನ್ನು ಶುದ್ಧ ಮಾಡಿಯೇ ಹೊರಗೆ ಬಿಡಬೇಕು. 1974ರ ಜಲ ಕಾಯಿದೆ ಹಾಗೆ ಹೇಳುತ್ತದೆ. ಶುದ್ಧ ಮಾಡಲು ದುಡ್ಡು ಖರ್ಚಾಗುತ್ತದೆ. ಆ ದುಡ್ಡು ಉಳಿಸಲು ಕೆಲವರು ಕದ್ದುಮುಚ್ಚಿ ಹಾಗೇ ಬಿಟ್ಟುಬಿಡುತ್ತಾರೆ.

ಮೂರನೇ ಕಾರಣ ಕಸ. ಕೊಳಚೆ ನೀರು ಹರಿದು ಹೋಗುತ್ತದೆ. ಕಸ ಹೋಗುವುದಿಲ್ಲ. ತಿರುವಿನಲ್ಲಿ ನಿಲ್ಲುತ್ತದೆ. ಸೇತುವೆಗೆ ಕಟ್ಟಿಕೊಳ್ಳುತ್ತದೆ. ತಳದಲ್ಲಿ ಕೂರುತ್ತದೆ. ತಳ ಮೇಲೆ ಬಂದಷ್ಟೂ ಹೊಳೆಗೆ ನೀರು ಹಿಡಿಯುವ ಜಾಗ ಕಡಿಮೆ. ಜೋರು ಮಳೆಯಲ್ಲಿ ಈ ಹೊಳೆಯ ನೀರು ಗಾಳಿ ಆಂಜನೇಯ ದೇವಸ್ಥಾನದ ಒಳಕ್ಕೂ ನುಗ್ಗಿದ್ದುಂಟು. ದೇವರ ಮನೆಯನ್ನೇ ಬಿಡದ ನೀರು ನಮ್ಮ ಮನೆ ಬಿಡುತ್ತದೆಯೇ?

5. ಒಂದು ಕವರಿನ ಕಥೆ

ಹಸಿ ಕಸ ಅಂದರೆ ಸೊಪ್ಪಿನ ಕಡ್ಡಿ, ತರಕಾರಿ ಸಿಪ್ಪೆ, ಉಳಿದ ಅನ್ನ. ಇವು ಮಣ್ಣಿಗೆ ಬಿದ್ದರೆ ಕೊಳೆಯುತ್ತವೆ. ಕೊಳೆತು ಗೊಬ್ಬರ ಆಗುತ್ತವೆ.

ಪ್ಲಾಸ್ಟಿಕ್ ಕವರು ಹಾಗಲ್ಲ. ಅದು ಕೊಳೆಯುವುದಿಲ್ಲ. ನಾವು ಅದನ್ನು ಬಳಸುವುದು ಅಂಗಡಿಯಿಂದ ಮನೆಗೆ ಬರುವ ಹತ್ತು ನಿಮಿಷ. ಅದು ಉಳಿಯುವುದು ನಮ್ಮ ಮೊಮ್ಮಕ್ಕಳ ಕಾಲವೂ ದಾಟಿ.

ಹೊಳೆಗೆ ಬಿದ್ದ ಕವರು ಏನು ಮಾಡುತ್ತದೆ?

ನೀರಿನ ದಾರಿ ಕಟ್ಟುತ್ತದೆ.
ಮೇಯಲು ಬಂದ ಹಸುವಿನ ಹೊಟ್ಟೆ ಸೇರುತ್ತದೆ. ಹಸು ಸಾಯಬಹುದು.
ಬಿಸಿಲಿಗೆ ಒಣಗಿ ಪುಡಿಪುಡಿ ಆಗುತ್ತದೆ. ಪುಡಿ ಮಣ್ಣಿಗೆ, ನೀರಿಗೆ, ಮೀನಿಗೆ ಸೇರುತ್ತದೆ.
ಸುಟ್ಟರೆ ವಿಷದ ಹೊಗೆ ಬರುತ್ತದೆ. ಆ ಹೊಗೆ ಮಕ್ಕಳ ಎದೆಗೆ ಹೋಗುತ್ತದೆ.

ನಮ್ಮ ಶಾಲೆಯಲ್ಲಿ ಒಂದು ಲೆಕ್ಕ ಮಾಡಿದೆವು. ನೀವೂ ಮಾಡಿ.

ಒಂದು ಮನೆಗೆ ದಿನಕ್ಕೆ 3 ಕವರು ಬಂತು ಅಂದುಕೊಳ್ಳಿ. ಒಂದು ಬೀದಿಯಲ್ಲಿ 40 ಮನೆ. ದಿನಕ್ಕೆ 3 x 40 = 120 ಕವರು. ತಿಂಗಳಿಗೆ 120 x 30 = 3,600 ಕವರು.

ಒಂದೇ ಬೀದಿ. ಒಂದೇ ತಿಂಗಳು. “ನನ್ನದು ಒಂದು ಕವರು ತಾನೇ” ಅನ್ನುವ ಮಾತನ್ನು ಅವತ್ತಿನಿಂದ ಬಿಟ್ಟೆವು.

6. ದೇವರ ಹೂವು

ಹೂ ಮಾರುವ ಅಕ್ಕನಿಗೆ ಒಂದು ಸಂಶಯ ಇತ್ತು.

“ದೇವರಿಗೆ ಇಟ್ಟ ಹೂವು ಕಾಲಿಗೆ ಸಿಗಬಾರದು ಟೀಚರಮ್ಮ. ಕಸದ ಬುಟ್ಟಿಗೆ ಹಾಕೋಕೆ ಮನಸ್ಸು ಬರಲ್ಲ. ಅದಕ್ಕೇ ಕವರಲ್ಲಿ ಕಟ್ಟಿ ಹೊಳೆಗೆ ಬಿಡ್ತೀವಿ. ಇದು ತಪ್ಪಾ?”

ಅಜ್ಜಿಯೇ ಉತ್ತರ ಕೊಟ್ಟರು: “ಹೂವು ಬಿಡೋದು ಹಿಂದಿನಿಂದ ಬಂದದ್ದು. ಕವರು ಬಿಡೋದು ಯಾವ ಶಾಸ್ತ್ರದಲ್ಲಿದೆ? ಅದೂ ಅಲ್ದೆ, ಆಗ ಹೊಳೆ ಹೊಳೆಯಾಗಿತ್ತು. ಈಗ ಆ ಕೊಚ್ಚೆಗೆ ದೇವರ ಹೂವು ಹಾಕೋದು ಮರ್ಯಾದೆನಾ? ತುಳಸಿ ಕುಂಡಕ್ಕೆ ಹಾಕು. ಗಿಡದ ಬುಡಕ್ಕೆ ಹಾಕು. ಮಣ್ಣೂ ತಾಯೀನೇ.”

ಆಮೇಲೆ ಅಜ್ಜಿಯ ಮಾತಿನಂತೆ ಒಂದು ಹಳೇ ಮಡಕೆ ಇಟ್ಟೆವು. ಅದರ ತಳಕ್ಕೆ, ಪಕ್ಕಕ್ಕೆ ಸಣ್ಣ ತೂತು ಮಾಡಿದೆವು. ಒಂದು ಪದರ ಒಣ ಎಲೆ, ಒಂದು ಪದರ ಹೂವು ಸಿಪ್ಪೆ, ಮೇಲೆ ಒಂದು ಹಿಡಿ ಮಣ್ಣು. ವಾರಕ್ಕೊಂದು ಸಲ ಕೋಲಿನಿಂದ ತಿರುವಿದೆವು. ಎರಡು ಮೂರು ತಿಂಗಳಿಗೆ ಕರೀ ಗೊಬ್ಬರ ಬಂತು. ಅಂಗನವಾಡಿ ಮುಂದಿನ ಕರಿಬೇವಿನ ಗಿಡಕ್ಕೆ ಹಾಕಿದೆವು.

7. ಕೆಳಗಿನ ಊರಿನ ಅಕ್ಕಂದಿರು

ಹೊಳೆಗೆ ಎಸೆದ ಕಸ ನಮ್ಮ ಕಣ್ಣಿಂದ ಮರೆ ಆಗುತ್ತದೆ. ಆದರೆ ಅದು ಎಲ್ಲೂ ಹೋಗಿರುವುದಿಲ್ಲ. ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿರುತ್ತದೆ.

ಬಿಡದಿ ಹತ್ತಿರ ಬೈರಮಂಗಲ ಕೆರೆ ಇದೆ. ರೈತರ ಹೊಲಗದ್ದೆಗೆ ನೀರು ಕೊಡಲು ಕಟ್ಟಿದ ಕೆರೆ. ವೃಷಭಾವತಿ ಅದಕ್ಕೆ ಬಂದು ಸೇರುತ್ತದೆ. ಬೆಂಗಳೂರಿನ ಕೊಳಚೆಯೂ ಅದರ ಜೊತೆ ಸೇರುತ್ತದೆ. ನೀರು ಮೇಲಿಂದ ಧುಮುಕುವ ಜಾಗದಲ್ಲಿ ಬಿಳೀ ನೊರೆ ಏಳುತ್ತದೆ. ದೂರದಿಂದ ಹತ್ತಿಯ ರಾಶಿ ಹಾಗೆ ಕಾಣುತ್ತದೆ. ಅದು ಸೋಪಿನ ಪುಡಿ ಮತ್ತು ಕೊಳೆ ಸೇರಿದ ನೊರೆ.

ಅಲ್ಲಿಯ ರೈತರು ಆ ನೀರಲ್ಲೇ ಬೆಳೆ ಬೆಳೆಯಬೇಕು. ಹಸುವಿಗೆ ಹುಲ್ಲು, ರೇಷ್ಮೆಗೆ ಹಿಪ್ಪುನೇರಳೆ ಬೆಳೆಯುತ್ತಾರೆ. ಕೊಳಚೆಯ ಜೊತೆ ಸೀಸದಂಥ ಭಾರ ಲೋಹಗಳೂ ಮಣ್ಣಿಗೆ ಸೇರುತ್ತವೆ. ಮಣ್ಣಿನಿಂದ ಬೆಳೆಗೆ ಹೋಗುತ್ತವೆ. ಹುಲ್ಲಿನಿಂದ ಹಾಲಿಗೂ ಬರಬಹುದು.

ಆ ನೀರಿನಲ್ಲಿ ನಿಂತು ಕಳೆ ಕೀಳುವವರು ಯಾರು? ನಮ್ಮಂಥ ಹೆಂಗಸರೇ. ನಮ್ಮ ಶಾಲೆಯ ಒಬ್ಬರ ತವರು ಆ ಕಡೆ. ಅವರು ಹೇಳಿದರು: “ನಮ್ಮತ್ತಿಗೆ ಗದ್ದೆಗೆ ಇಳಿದು ಬಂದ್ರೆ ಕಾಲೆಲ್ಲ ಕೆರೆತ. ಬಾವಿ ನೀರೂ ಕುಡಿಯೋಕಾಗಲ್ಲ. ಊರಿಗೆ ಹೋದಾಗ ಕೇಳ್ತಾರೆ, ‘ನಿಮ್ಮೂರಿನ ನೀರು ನಮಗೆ ಬಂತು ಕಣೇ’ ಅಂತ. ನನಗೆ ತಲೆ ಎತ್ತೋಕಾಗಲ್ಲ.”

ನಿಂತು ಯೋಚನೆ ಮಾಡಿ. ಕಾವೇರಿ ನಮ್ಮ ನಲ್ಲಿಗೆ ಶುದ್ಧವಾಗಿ ಬರುತ್ತಾಳೆ. ನಾವು ಅವಳನ್ನು ಹೇಗೆ ಕಳಿಸುತ್ತಿದ್ದೇವೆ? ತವರಿಗೆ ಬಂದ ಮಗಳನ್ನು ಮಡಿಲು ತುಂಬಿ ಕಳಿಸುವ ಜನ ನಾವು. ಕಾವೇರಿಯ ಮಡಿಲಿಗೆ ಏನು ತುಂಬಿದ್ದೇವೆ?

8. ಕಸದಿಂದ ಕಾಯಿಲೆ

ನೀರು ನುಗ್ಗಿದ ಮೇಲೆ ಕಾಲೋನಿಯ ಮೂರು ಮಕ್ಕಳಿಗೆ ಭೇದಿ ಆಯಿತು. ಒಂದು ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ದಿನ ಆ ತಾಯಿ ಕೂಲಿಗೆ ಹೋಗಲಿಲ್ಲ. ದುಡಿಮೆಯೂ ಹೋಯಿತು, ಸಾಲವೂ ಆಯಿತು. ಮಗು ಉಳಿಯಿತು. ಅದೇ ಪುಣ್ಯ.

ತಿಳಿದಿರಬೇಕಾದ ಮಾತು:

ಭೇದಿ, ಟೈಫಾಯಿಡ್, ಕಾಮಾಲೆ: ಕೊಳಚೆ ಸೇರಿದ ನೀರು ಕುಡಿದರೆ ಬರುತ್ತವೆ. ಕುಡಿಯುವ ನೀರು ಕುದಿಸಿ ಆರಿಸಿ ಕುಡಿಯಿರಿ.

ಇಲಿ ಜ್ವರ: ಕಸ ಇದ್ದಲ್ಲಿ ಇಲಿ ಸೇರುತ್ತದೆ. ಇಲಿಯ ಉಚ್ಚೆ ನೀರಿಗೆ ಸೇರುತ್ತದೆ. ಕಾಲಿನಲ್ಲಿ ಗಾಯ ಇದ್ದು ಆ ನೀರಿನಲ್ಲಿ ನಡೆದರೆ ಜ್ವರ ಬರಬಹುದು. ಮಳೆ ನೀರಿಗೆ ಇಳಿದ ಮೇಲೆ ಸೋಪು ಹಾಕಿ ಕಾಲು ತೊಳೆಯಿರಿ.

ಡೆಂಗಿ: ಈ ಸೊಳ್ಳೆ ಕೊಚ್ಚೆಯಲ್ಲಿ ಅಲ್ಲ, ನಿಂತ ತಿಳಿ ನೀರಿನಲ್ಲಿ ಹುಟ್ಟುತ್ತದೆ. ಎಸೆದ ಟೈರು, ಎಳನೀರು ಬುರುಡೆ, ಪ್ಲಾಸ್ಟಿಕ್ ಲೋಟದಲ್ಲಿ ಮಳೆ ನೀರು ನಿಂತರೆ ಸಾಕು. ಇದು ಹಗಲು ಹೊತ್ತು ಕಚ್ಚುವ ಸೊಳ್ಳೆ.

ಮಗುವಿಗೆ ಭೇದಿ ಆದರೆ ಮೊದಲು ಇದನ್ನು ಕೊಡಿ: ಕುದಿಸಿ ಆರಿಸಿದ 1 ಲೀಟರ್ ನೀರು. ಅದಕ್ಕೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಟೀ ಚಮಚ. ಉಪ್ಪು ಅರ್ಧ ಚಮಚಕ್ಕಿಂತ ಹೆಚ್ಚು ಬೇಡ. ಗುಟುಕು ಗುಟುಕಾಗಿ ಕುಡಿಸಿ. ಬೇಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

9. ತಪ್ಪು ಯಾರದು?

ಒಂದು ಸಂಜೆ ನಮ್ಮ ಶಾಲೆಯಲ್ಲಿ ಜೋರು ಮಾತು ನಡೆಯಿತು.

“ದೊಡ್ಡ ದೊಡ್ಡ ಮನೆಯವರ ಕಕ್ಕಸು ನೀರು, ಕಾರ್ಖಾನೆ ವಿಷ ಎಲ್ಲ ಹೊಳೆಗೆ ಬೀಳುತ್ತೆ. ನಾವು ಒಂದು ಕವರು ಹಾಕಿದ್ರೆ ನಮ್ಮನ್ನೇ ಬೈತಾರೆ,” ಅಂದರು ಮನೆಗೆಲಸಕ್ಕೆ ಹೋಗುವ ಅಕ್ಕ.

“ಕಸದ ಆಟೋ ನಮ್ಮ ಗಲ್ಲಿಗೆ ಬರೋದೇ ಇಲ್ಲ. ಗಲ್ಲಿ ಸಣ್ಣದು ಅಂತಾರೆ. ಬಂದರೂ ನಾವು ಕೆಲಸಕ್ಕೆ ಹೋದ ಮೇಲೆ ಬರುತ್ತೆ. ಕಸ ತಲೆ ಮೇಲೆ ಹೊತ್ಕೊಂಡು ಹೋಗ್ಲಾ?” ಅಂದಳು ಗಾರ್ಮೆಂಟ್ಸ್ ತಂಗಿ.

“ಅದೆಲ್ಲ ಸರಿ. ನೀರು ನುಗ್ಗಿದ್ದು ಯಾರ ಮನೆಗೆ?” ಅಂದರು ಅಜ್ಜಿ.

ಎಲ್ಲರ ಮಾತಿನಲ್ಲೂ ನಿಜ ಇದೆ. ಹೊಳೆಯನ್ನು ಕೆಡಿಸಿದ್ದು ನಾವೊಬ್ಬರೇ ಅಲ್ಲ. ಕೊಳಚೆ ತಡೆಯುವುದು, ಕಾರ್ಖಾನೆಗೆ ಲಗಾಮು ಹಾಕುವುದು ಸರ್ಕಾರದ ಕೆಲಸ. ಅದನ್ನು ಕೇಳುವ ಹಕ್ಕು ನಮಗಿದೆ. ಆದರೆ ಕೇಳುವ ಕೈ ಶುದ್ಧ ಇರಬೇಕು. ನಮ್ಮ ಕಸ ಹೊಳೆಗೆ ಹಾಕುತ್ತಾ ಹೊಳೆ ಶುದ್ಧ ಮಾಡಿ ಅಂದರೆ ಯಾರು ಕೇಳುತ್ತಾರೆ?

ಹಾಗಾಗಿ ಎರಡು ಕೆಲಸ ಮಾಡೋಣ ಅಂತ ತೀರ್ಮಾನ ಮಾಡಿದೆವು. ಒಂದು, ಮನೆಯ ಕಸ ಬೇರೆ ಮಾಡುವುದು. ಎರಡು, ಅರ್ಜಿ ಬರೆಯುವುದು.

10. ಕಸ ಬೇರೆ ಮಾಡೋಣ

ಬೆಂಗಳೂರಿನಲ್ಲಿ ಕಸ ಬೇರೆ ಮಾಡಿಯೇ ಕೊಡಬೇಕು ಅಂತ 2015ರಲ್ಲಿ ಹೈಕೋರ್ಟು ಆದೇಶ ಮಾಡಿತು. ಎರಡು ಡಬ್ಬ, ಒಂದು ಚೀಲ. ನೆನಪಿಡುವುದು ಸುಲಭ.

ಹಸಿರು ಡಬ್ಬ: ಹಸಿ ಕಸ. ಸಿಪ್ಪೆ, ಅನ್ನ, ಟೀ ಸೊಪ್ಪು, ಹೂವು, ಮೊಟ್ಟೆ ಓಡು.

ಕೆಂಪು ಡಬ್ಬ: ಮುಟ್ಟಿನ ಪ್ಯಾಡು, ಮಗುವಿನ ಡೈಪರು, ಗಾಯದ ಬ್ಯಾಂಡೇಜು. ಇವನ್ನು ಕಾಗದದಲ್ಲಿ ಸುತ್ತಿ ಕೊಡಿ. ಮೇಲೆ ಕೆಂಪು ಗುರುತು ಹಾಕಿ. ನಾಚಿಕೆಯಿಂದ ಮೋರಿಗೆ, ಕಕ್ಕಸಿಗೆ ಹಾಕಬೇಡಿ. ಪೈಪು ಕಟ್ಟಿಕೊಳ್ಳುತ್ತದೆ.

ಚೀಲ: ಒಣ ಕಸ. ಕಾಗದ, ರಟ್ಟು, ಬಾಟಲಿ, ಡಬ್ಬಿ, ಕವರು. ಹಾಲಿನ ಕವರು ತೊಳೆದು ಒಣಗಿಸಿ ಹಾಕಿ.

ಯಾಕೆ ಬೇರೆ ಮಾಡಬೇಕು? ಕಸ ಆಯುವವರೂ ನಮ್ಮಂಥ ತಾಯಂದಿರೇ. ಬೆರೆತ ಕಸದಲ್ಲಿ ಅವರು ಬರಿಗೈ ಹಾಕಬೇಕು. ಒಡೆದ ಗಾಜು ಚುಚ್ಚುತ್ತದೆ. ಒಡೆದ ಗಾಜನ್ನೂ ಕಾಗದದಲ್ಲಿ ಸುತ್ತಿ ಬೇರೆ ಕೊಡಿ. ಬೇರೆ ಮಾಡಿದ ಒಣ ಕಸ ಕಸ ಅಲ್ಲ, ಕಾಸು. ಗುಜರಿಯವರು ಅದನ್ನು ಕೊಳ್ಳುತ್ತಾರೆ.

ಅಂಗಡಿಗೆ ಹೋಗುವಾಗ ಬಟ್ಟೆ ಚೀಲ ತೆಗೆದುಕೊಂಡು ಹೋಗಿ. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ನಿಷೇಧ ಮಾಡಿತು. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಕೊಳವೆಗಳನ್ನು ಇಡೀ ದೇಶದಲ್ಲಿ ನಿಷೇಧ ಮಾಡಿದರು. ಕಾನೂನು ಇದ್ದರೂ ಕವರು ಸಿಗುತ್ತಲೇ ಇದೆ. “ಕವರು ಬೇಡಣ್ಣ, ಚೀಲ ತಂದಿದ್ದೀನಿ” ಅನ್ನುವ ಮಾತು ನಮ್ಮ ಬಾಯಿಂದ ಬರಬೇಕು.

ಗಾರ್ಮೆಂಟ್ಸ್ ತಂಗಿ ಹಳೇ ಸೀರೆಗಳಿಂದ ಚೀಲ ಹೊಲಿದಳು. ಶಾಲೆಯ ಎಲ್ಲರಿಗೂ ಒಂದೊಂದು ಕೊಟ್ಟಳು. “ಇದು ದಿಂಬಿನ ದಂಡ,” ಅಂತ ನಕ್ಕಳು.

11. ನಾವು ಬರೆದ ಅರ್ಜಿ

ಮೊದಲು ಅರ್ಜಿ ಬರೆಸಲು ಬೇರೆಯವರ ಹತ್ತಿರ ಹೋಗಬೇಕಿತ್ತು. ಅವರು ಏನು ಬರೆದರು ಅಂತಲೂ ನಮಗೆ ಗೊತ್ತಾಗುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಬರುತ್ತಿದ್ದೆವು. ಈ ಸಲ ನಾವೇ ಬರೆದೆವು. ನಾನು ಹಲಗೆಯ ಮೇಲೆ ಕಾಗುಣಿತ ಮಾತ್ರ ತಿದ್ದಿದೆ. ಮಾತು ಅವರದು. ಓದಿ:

ಇಂದ,
ಕಾಲೋನಿಯ ಮಹಿಳೆಯರು

ಗೆ,
ಮಾನ್ಯ ಎಂಜಿನಿಯರ್ ಸಾಹೇಬರಿಗೆ,
ನಮ್ಮ ವಾರ್ಡಿನ ಕಚೇರಿ

ವಿಷಯ: ಕಸ ತೆಗೆಯುವ ಬಗ್ಗೆ, ಸೇತುವೆ ಶುಚಿ ಮಾಡುವ ಬಗ್ಗೆ

ಸ್ವಾಮಿ,

ನಮ್ಮ ಕಾಲೋನಿಯ ಹಿಂದೆ ವೃಷಭಾವತಿ ಹೊಳೆ ಇದೆ. ಸೇತುವೆ ಕೆಳಗೆ ಕಸ ತುಂಬಿದೆ. ಮಳೆ ಬಂದಾಗ ನೀರು ನಮ್ಮ ಮನೆಗೆ ಬರುತ್ತದೆ. ಮಕ್ಕಳಿಗೆ ಕಾಯಿಲೆ ಆಗಿದೆ.

ನಮ್ಮ ಬೇಡಿಕೆ ಮೂರು.
1. ಮುಂದಿನ ಮಳೆಗೆ ಮೊದಲು ಸೇತುವೆ ಕೆಳಗಿನ ಕಸ, ಹೂಳು ತೆಗೆಸಿ.
2. ಕಸದ ಆಟೋ ಬೆಳಗ್ಗೆ 7 ಗಂಟೆಗೆ ಗಲ್ಲಿಯ ಬಾಯಿಗೆ ಬರಲಿ. ನಾವೇ ಅಲ್ಲಿಗೆ ಕಸ ತರುತ್ತೇವೆ.
3. ಸೇತುವೆಯ ಎರಡೂ ಕಡೆ ಕಂಬಿ ಬಲೆ ಹಾಕಿಸಿ. ಯಾರೂ ಕಸ ಎಸೆಯಬಾರದು.

ನಾವು ಕಸ ಬೇರೆ ಮಾಡಿ ಕೊಡುತ್ತೇವೆ. ಹೊಳೆಗೆ ಹಾಕುವುದಿಲ್ಲ. ಇದು ನಮ್ಮ ಮಾತು.

ಇಂತಿ ನಮಸ್ಕಾರಗಳು.

ಕೆಳಗೆ 26 ಸಹಿ. ಒಂದೂ ಹೆಬ್ಬೆಟ್ಟು ಇಲ್ಲ. ಮೂಲೆ ಮನೆಯ ಅಜ್ಜಿ ತಮ್ಮ ಹೆಸರು ಬರೆಯಲು ತುಂಬಾ ಹೊತ್ತು ತೆಗೆದುಕೊಂಡರು. ಯಾರೂ ಅವಸರ ಮಾಡಲಿಲ್ಲ.

ಅರ್ಜಿಯ ಎರಡು ಪ್ರತಿ ಮಾಡಿದೆವು. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡು ಬಂದೆವು. ಇದನ್ನು ಮರೆಯಬೇಡಿ. ಮೊಹರು ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

12. ಆಮೇಲೆ ಏನಾಯಿತು?

ಮೊದಲ ತಿಂಗಳು ಏನೂ ಆಗಲಿಲ್ಲ. ಮೊಹರು ಹಾಕಿದ ಪ್ರತಿ ಹಿಡಿದು ಮತ್ತೆ ಹೋದೆವು. ಮೂರನೇ ಸಲ ಹೋದಾಗ ಹನ್ನೊಂದು ಜನ ಹೋಗಿದ್ದೆವು. ಅದಾದ ವಾರಕ್ಕೆ ಯಂತ್ರ ಬಂತು. ಸೇತುವೆ ಕೆಳಗಿನ ಕಸ ತೆಗೆದರು. ಕಸದ ಆಟೋ ಗಲ್ಲಿಯ ಬಾಯಿಗೆ ಬರತೊಡಗಿತು. ದಿನವೂ ಬರುವುದಿಲ್ಲ, ಆದರೂ ಬರುತ್ತದೆ. ಕಂಬಿ ಬಲೆ ಇನ್ನೂ ಬಂದಿಲ್ಲ. ಕೇಳುತ್ತಲೇ ಇದ್ದೇವೆ.

ಮುಂದಿನ ಮಳೆಗಾಲದಲ್ಲಿ ನೀರು ಮೆಟ್ಟಿಲ ತನಕ ಬಂತು. ಒಳಗೆ ಬರಲಿಲ್ಲ.

ಹೊಳೆ ಇನ್ನೂ ಕಪ್ಪಾಗಿಯೇ ಇದೆ. ಸುಳ್ಳು ಹೇಳಬಾರದು. ನಮ್ಮ ಒಂದು ಕಾಲೋನಿಯಿಂದ ವೃಷಭಾವತಿ ತಿಳಿಯಾಗುವುದಿಲ್ಲ. ಕೊಳಚೆ ನಿಲ್ಲಬೇಕು. ಕಾರ್ಖಾನೆ ವಿಷ ನಿಲ್ಲಬೇಕು. ಅದಕ್ಕೆ ಇನ್ನೂ ಎಷ್ಟೋ ಅರ್ಜಿ, ಎಷ್ಟೋ ಸಹಿ ಬೇಕು. ಆದರೆ ನಮ್ಮ ಬೀದಿಯ ಕವರು ಬೈರಮಂಗಲಕ್ಕೆ ಹೋಗುವುದು ಕಡಿಮೆ ಆಗಿದೆ. ತವರು ಆ ಕಡೆ ಇರುವ ಅಕ್ಕ ಈ ಸಲ ಊರಿಗೆ ಹೋಗುವಾಗ ಅತ್ತಿಗೆಗೆ ಒಂದು ಬಟ್ಟೆ ಚೀಲ ತೆಗೆದುಕೊಂಡು ಹೋದರು.

ಮೊನ್ನೆ ಅಜ್ಜಿಯ ಮೊಮ್ಮಗ ಸೇತುವೆ ಮೇಲೆ ನಿಂತಿದ್ದ. ಬಿಸ್ಕತ್ತಿನ ಕವರು ಎಸೆಯಲು ಕೈ ಎತ್ತಿದ. ಅಜ್ಜಿ ಕೂಗಿದರು: “ಏ, ಅದು ಮೋರಿ ಅಲ್ಲ ಕಣೋ, ಹೊಳೆ!” ಹುಡುಗ ಕವರನ್ನು ಜೇಬಿಗೆ ಹಾಕಿಕೊಂಡ.

ಪದಗಳ ಅರ್ಥ

ವೃಷಭ = ಬಸವ, ಎತ್ತು
ಕೊಳಚೆ = ಬಳಸಿ ಬಿಟ್ಟ ಕೊಳಕು ನೀರು
ರಾಜಕಾಲುವೆ = ಮಳೆ ನೀರು ಹರಿಯುವ ದೊಡ್ಡ ಕಾಲುವೆ
ಹೂಳು = ತಳದಲ್ಲಿ ಕೂತ ಕೆಸರು
ನಿಷೇಧ = ಮಾಡಬಾರದು ಎಂಬ ಕಟ್ಟಳೆ
ಪ್ರತಿ = ಅದೇ ಬರಹದ ಇನ್ನೊಂದು ಹಾಳೆ

ಉತ್ತರ ಹೇಳಿ

1. ವೃಷಭಾವತಿ ಎಂಬ ಹೆಸರು ಹೇಗೆ ಬಂತು?
2. ನಮ್ಮ ಕಸ ಹೊಳೆಯಲ್ಲಿ ಯಾವ ಯಾವ ಊರಿನ ಕಡೆ ಹೋಗುತ್ತದೆ?
3. ಹೊಳೆ ಮೋರಿ ಆಗಲು ಮೂರು ಕಾರಣ ಯಾವುವು?
4. ಡೆಂಗಿ ಸೊಳ್ಳೆ ಎಲ್ಲಿ ಹುಟ್ಟುತ್ತದೆ?
5. ಅರ್ಜಿಯ ಎರಡು ಪ್ರತಿ ಯಾಕೆ ಬೇಕು?

ಲೆಕ್ಕ ಮಾಡಿ

ನಿಮ್ಮ ಮನೆಗೆ ಒಂದು ದಿನ ಎಷ್ಟು ಕವರು ಬರುತ್ತದೆ? ಎಣಿಸಿ ಬರೆಯಿರಿ. ನಿಮ್ಮ ಬೀದಿಯಲ್ಲಿ ಎಷ್ಟು ಮನೆ? ಗುಣಿಸಿ ನೋಡಿ.

ಮಾತಾಡಿ, ಮಾಡಿ

ನಿಮ್ಮ ಊರಿನ ಹೊಳೆ, ಹಳ್ಳ ಅಥವಾ ಕೆರೆಯ ಹೆಸರೇನು? ಮನೆಯ ಹಿರಿಯರನ್ನು ಕೇಳಿ. ಅದು ಹಿಂದೆ ಹೇಗಿತ್ತು, ಈಗ ಹೇಗಿದೆ? ಐದು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಮಾಡಿ. ಮುಂದಿನ ವಾರ ಎಲ್ಲರ ಮುಂದೆ ಓದಿ.